ಟೇಪಿನ ತುಂಬ ನನ್ನದೇ ಧ್ವನಿ

ಕಾಪುವಿನ ಹೈಸ್ಕೂಲಿಗೆ ನಾನು ಕನ್ನಡ ಟೀಚರಾಗಿ ಬಂದಾಗ ಅಲ್ಲೊಂದು ಟೇಪ್ ರೆಕಾರ್ಡರ್ ಇತ್ತು. ಇತ್ತು ಎಂದರೆ ಹೆಡ್ಮಾಸ್ಟರ ಕೋಣೆಯ ಕಬ್ಬಿಣದ ಕಪಾಟಿನಲ್ಲಿ, ಹಳೆಯ ಟವೆಲಿನೊಳಗೆ ಬೆಚ್ಚಗೆ ಮಲಗಿತ್ತು. ಇಲಾಖೆಯಿಂದ ಬಂದು ಎರಡು ವರ್ಷವಾಗಿದ್ದರೂ ಬಟನ್‌ಗಳ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಯಾರೂ ಕಿತ್ತಿರಲಿಲ್ಲ.

ಈಗಷ್ಟೇ ಬಿ.ಎಡ್. ಮುಗಿಸಿದ ಹುಡುಗಿಯರು ಆಗಾಗ ಉಡುಪಿ ಪೇಟೆಯ ಹತ್ತಿರ ಕಡಿಯಾಳಿಯಲ್ಲಿರುವ ನಮ್ಮ ಮನೆಗೆ ಬರುತ್ತಾರೆ. ದೃಕ್-ಶ್ರವಣ ಉಪಕರಣಗಳ ಬಗ್ಗೆ ಪುಸ್ತಕದಲ್ಲಿ ಓದಿದ್ದೇವೆ, ನಿಜವಾಗಿ ತರಗತಿಯಲ್ಲಿ ಹೇಗೆ ಬಳಸಿದಿರಿ ಎಂದು ಕೇಳುತ್ತಾರೆ. ಪುಸ್ತಕದಲ್ಲಿ ಇರುವುದೆಲ್ಲ ಸರಿಯೇ. ಆದರೆ ಅದರಲ್ಲಿ ನನ್ನ ತಪ್ಪುಗಳಿಲ್ಲ. ನಾನು ಕಲಿತದ್ದು ಹೆಚ್ಚಾಗಿ ಅವುಗಳಿಂದಲೇ ಆದ್ದರಿಂದ, ಇದನ್ನು ಬರೆದಿಡುತ್ತಿದ್ದೇನೆ.

ನಮ್ಮ ಊರಿನ ಕನ್ನಡ ತರಗತಿಯ ಕಷ್ಟ ಬೇರೆ ಊರಿನವರಿಗೆ ಬೇಗ ಅರ್ಥವಾಗುವುದಿಲ್ಲ. ಕಾಪುವಿನ ನನ್ನ ಮಕ್ಕಳು ಮನೆಯಲ್ಲಿ ತುಳು ಆಡುವವರು, ಕೆಲವರು ಬ್ಯಾರಿ, ಕೆಲವರು ಕೊಂಕಣಿ. ಬೋಟಿನಲ್ಲಿ ತುಳು, ಮೀನು ಮಾರುವಲ್ಲಿ ತುಳು, ಜಗಳಕ್ಕೂ ತುಳುವೇ. ಕನ್ನಡ ಅವರಿಗೆ ಬೋರ್ಡಿನ ಮೇಲಿನ ಭಾಷೆ, ಪರೀಕ್ಷೆಯ ಭಾಷೆ. ಪ್ರಬಂಧ ಬರೆ ಎಂದರೆ ಎರಡು ಪುಟ ತಪ್ಪಿಲ್ಲದೆ ಬರೆಯುವವರು, ನಿಂತು ಎರಡು ವಾಕ್ಯ ಹೇಳು ಎಂದರೆ ಕಾಲಿನ ಹೆಬ್ಬೆರಳು ನೋಡುತ್ತಿದ್ದರು. ನಾನೇನೂ ಬೇರೆಯವಳಲ್ಲ. ನನ್ನ ಅಮ್ಮ ಮೀನಿನ ಬುಟ್ಟಿ ಹೊತ್ತವರು. ಕನ್ನಡವನ್ನು ನಾನೂ ಶಾಲೆಯ ಬೆಂಚಿನ ಮೇಲೆ ಕಲಿತೆ. ಅದಕ್ಕೇ ಇರಬೇಕು, ಈ ಮಕ್ಕಳ ಬಾಯಿ ತೆರೆಸಬೇಕೆಂಬ ಹಟ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ಹೆಡ್ಮಾಸ್ಟರ್ ಪದ್ಮನಾಭ ರಾಯರ ಹತ್ತಿರ ಹೋಗಿ ಟೇಪ್ ರೆಕಾರ್ಡರ್ ಕೇಳಿದೆ.

"ಎಂತಕ್ಕೆ ಟೀಚರೇ ಅದು?" ಎಂದರು. "ಹಾಳಾದರೆ ಉತ್ತರ ಕೊಡುವವರು ಯಾರು?"

"ಉಪಯೋಗಿಸದಿದ್ದರೂ ಹಾಳಾಗ್ತದೆ ಸರ್."

ರಾಯರು ಒಳ್ಳೆಯ ಮನುಷ್ಯ. ವಸ್ತುಗಳ ವಿಷಯದಲ್ಲಿ ಮಾತ್ರ ಹೆದರಿಕೆ. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು. ಅದು ಅವರ ಕಣ್ಣೆದುರಿನಿಂದ ದೂರ ಹೋಗಬಾರದು. ಪ್ಲಗ್ ಪಾಯಿಂಟ್ ಇದ್ದದ್ದೂ ಅವರ ಕೋಣೆಯಲ್ಲಿ ಮಾತ್ರ. ಹಾಗಾಗಿ ಹತ್ತನೇ ತರಗತಿಯ ನಲವತ್ತು ಮಕ್ಕಳು ಜಗಲಿಯಲ್ಲಿ ಚಕ್ಕಳಮಕ್ಕಳ ಕೂತರು, ವಯರು ಕಿಟಕಿಯಿಂದ ಹೊರಗೆ ಬಂತು, ರಾಯರು ಕಿಟಕಿಯೊಳಗಿನಿಂದ ನೋಡುತ್ತ ಕೂತರು.

ಮೊದಲ ದಿನ ಒಬ್ಬೊಬ್ಬರಿಂದ ಎರಡೆರಡು ವಾಕ್ಯ ಹೇಳಿಸಿ ರೆಕಾರ್ಡ್ ಮಾಡಿ ಕೇಳಿಸಿದೆ. ನಲವತ್ತು ಜನರಲ್ಲಿ ಒಬ್ಬರೂ ತಮ್ಮ ಧ್ವನಿಯನ್ನು ಒಪ್ಪಿಕೊಳ್ಳಲಿಲ್ಲ. "ಅದು ನಾನಲ್ಲ ಟೀಚರ್" ಎನ್ನುವುದೇ ಎಲ್ಲರ ಬಾಯಲ್ಲೂ. ಮೀನುಗಾರರ ಮನೆಯ ದಿನೇಶ, ತರಗತಿಯಲ್ಲೇ ಅತಿ ಎತ್ತರದ ಹುಡುಗ, ಗಂಭೀರವಾಗಿ "ನಾನು ಹಲ್ಲಿಯಲ್ಲಿ ಹುಟ್ಟಿದೆ" ಎಂದು ಹೇಳಿದ್ದ. ನಮ್ಮ ಕಡೆಯ ನಾಲಗೆಗೆ ಲ-ಳ ಎರಡೂ ಒಂದೇ. ಟೇಪಿನಲ್ಲಿ ಕೇಳಿದಾಗ ಅವನಿಗೇ ಹೊಳೆದು, "ಹಳ್ಳಿ ಟೀಚರ್, ಹಳ್ಳಿ!" ಎಂದು ಕೂಗಿದ. ನಾನು ಒಂದು ಮಾತೂ ತಿದ್ದಿರಲಿಲ್ಲ. ಆ ದಿನ ಮನೆಗೆ ಹೋಗುವ ಬಸ್ಸಿನಲ್ಲಿ ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಕಡಿಯಾಳಿಯಲ್ಲಿ ಇಳಿಯುವುದನ್ನು ಮರೆತು ಮುಂದಿನ ಸ್ಟಾಪಿಗೆ ಹೋದೆ.

ಆ ಖುಷಿಯೇ ನನ್ನನ್ನು ಹಾಳು ಮಾಡಿತು.

ಆ ತರಗತಿಯಲ್ಲಿ ರೇಣುಕಾ ಎಂಬ ಹುಡುಗಿ ಇದ್ದಳು. ಬಾದಾಮಿ ಕಡೆಯವರು. ತಂದೆ-ತಾಯಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಬಂದವರು, ಕಾಪುವಿನಲ್ಲಿ ಕೆಲಸ ನಡೆಯುವ ಜಾಗದಲ್ಲೇ ಶೆಡ್ಡಿನಲ್ಲಿ ವಾಸ. ಟೇಪ್ ಜಗಲಿಗೆ ಬಂದಾಗಿನಿಂದ ಎಲ್ಲರಿಗಿಂತ ಸಲೀಸಾಗಿ ಮಾತಾಡಿದವಳು ಅವಳೇ. ಒಂದು ಸಲ ತನ್ನ ಊರಿನ ಬಗ್ಗೆ ಮೂರು ನಿಮಿಷ ನಿಲ್ಲದೆ ಹೇಳಿದಳು. ನಾನು ಆ ಕ್ಯಾಸೆಟ್ಟನ್ನು ಮನೆಗೆ ಒಯ್ದು ನಮ್ಮ ಟೇಪಿನಲ್ಲಿ ಹಾಕಿ ಕೇಳಿದೆ, ಮತ್ತು ನನ್ನ ತಲೆಗೆ ಒಂದು 'ಒಳ್ಳೆಯ' ಉಪಾಯ ಬಂತು. ಅವಳ ಟೇಪನ್ನು ಮೊದಲು ಹಾಕುವುದು, ಆಮೇಲೆ ಅದೇ ವಿಷಯವನ್ನು ಶುದ್ಧ ಕನ್ನಡದಲ್ಲಿ ಓದಿಸಿ ಹಾಕುವುದು. ಮಕ್ಕಳು ಎರಡರ ವ್ಯತ್ಯಾಸ ಬರೆಯಬೇಕು.

ಹಾಗೆಯೇ ಮಾಡಿದೆ. ಟೇಪಿನಲ್ಲಿ ಅವಳು "ನಾವು ಹೊಲಕ್ಕ ಹೋಕ್ಕೀವಿ, ಅಲ್ಲೇ ರೊಟ್ಟಿ ತಿಂತೀವಿ" ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಐತಿ" ಎಂದಾಗ ನಾಲ್ಕು ಜನ. ಮುಗಿಯುವ ಹೊತ್ತಿಗೆ ಜಗಲಿಯೇ ನಗುತ್ತಿತ್ತು. ನಾನು "ಸುಮ್ಮನಿರಿ" ಎಂದೆ, ಆದರೆ ಟೇಪ್ ನಿಲ್ಲಿಸಲಿಲ್ಲ. ಪಾಠ ಚೆನ್ನಾಗಿ ಹೋಗುತ್ತಿದೆ ಎಂದೇ ನನ್ನ ಭಾವನೆ. ರೇಣುಕಾ ತಲೆ ಎತ್ತದೆ ಕೂತಿದ್ದಳು.

ಮರುದಿನ ಅವಳು ಬರಲಿಲ್ಲ. ಮೂರನೆಯ ದಿನವೂ ಇಲ್ಲ. ಒಂದು ವಾರವಾದಾಗ ದಿನೇಶನನ್ನು ಕೇಳಿದೆ. "ಅವರು ಮಣಿಪಾಲಕ್ಕೆ ಹೋದ್ರು ಟೀಚರ್, ಅಲ್ಲಿ ದೊಡ್ಡ ಬಿಲ್ಡಿಂಗ್ ಉಂಟಂತೆ" ಎಂದ. ನೆಲ ನೋಡುತ್ತ, "ಅದಕ್ಕಿಂತ ಮೊದಲೇ ಅವಳು ಬರುದಿಲ್ಲ ಅಂತ ಹೇಳಿದ್ಲು" ಎಂದೂ ಸೇರಿಸಿದ.

ಭಾನುವಾರ ಮಣಿಪಾಲಕ್ಕೆ ಹೋದೆ. ಕಟ್ಟುತ್ತಿದ್ದ ಕಟ್ಟಡಗಳು ಒಂದೆರಡಲ್ಲ. ಮೂರನೆಯ ಜಾಗದಲ್ಲಿ, ತಗಡಿನ ಶೆಡ್ಡುಗಳ ಸಾಲಿನ ಕೊನೆಯಲ್ಲಿ, ರೇಣುಕಾ ಪಾತ್ರೆ ತಿಕ್ಕುತ್ತಿದ್ದಳು. ನನ್ನನ್ನು ಕಂಡು ಎದ್ದು ಒಳಗೆ ಹೋದಳು. ಅವಳ ತಾಯಿ ಶಿವವ್ವ ಹೊರಗೆ ಬಂದು ಗೋಣಿಚೀಲ ಹಾಸಿದರು.

"ಕೂಡ್ರಿ ಬಾಯಾರ. ಚಾ ಮಾಡ್ತೀನಿ."

"ಚಾ ಬೇಡಮ್ಮ. ರೇಣುಕಾ ಯಾಕೆ ಶಾಲೆಗೆ ಬರುವುದಿಲ್ಲ?"

ಶಿವವ್ವ ಸಿಟ್ಟು ಮಾಡಲಿಲ್ಲ. ನಿಜವಾಗಿ ತಿಳಿಯದವರು ತಿಳಿದವರನ್ನು ಕೇಳುವ ಹಾಗೆ ಕೇಳಿದರು: "ಆಕೀ ಕನ್ನಡ ಸುದ್ದ ಇಲ್ಲಂತಲ್ರಿ. ಅಲ್ರಿ ಬಾಯಾರ, ನಮಗ ತುಳು ಬರಂಗಿಲ್ಲ, ಇಂಗ್ಲೀಷ ಬರಂಗಿಲ್ಲ. ಹುಟ್ಟಿದಾಗಿಂದ ಇದೊಂದ ಬರತೈತಿ. ಇದು ಕನ್ನಡ ಅಲ್ಲಂದ್ರ ಮತ್ತ ಯಾವ್ದರೀ ಇದು?"

ಆ ಜಗಲಿಯ ಮೇಲೆ ಕೂತ ನಲವತ್ತು ಮಕ್ಕಳಲ್ಲಿ, ಅವರಿಗೆ ಕಲಿಸುವ ನನ್ನನ್ನೂ ಸೇರಿಸಿ, ಕನ್ನಡವನ್ನು ತಾಯಿಯ ಬಾಯಿಂದ ಕಲಿತವಳು ಅವಳೊಬ್ಬಳೇ. ಕಲಿತ ಕನ್ನಡದವರೆಲ್ಲ ಸೇರಿ ಹುಟ್ಟು ಕನ್ನಡದವಳನ್ನು ನೋಡಿ ನಕ್ಕಿದ್ದೆವು. ನಗಲು ಏರ್ಪಾಡು ಮಾಡಿದವಳು ನಾನು.

"ತಪ್ಪು ನನ್ನದಮ್ಮ" ಎಂದೆ. "ರೇಣುಕಾ, ತಪ್ಪು ನನ್ನದು. ನಾಳೆಯಿಂದ ಬಾ."

ಅವಳು ಬಾಗಿಲ ಹತ್ತಿರ ಬಂದು ನಿಂತಳು. "ಎಲ್ಲಾರ ದನೀನೂ ಹಾಕಿದ್ರಿ. ನಿಮ್ಮದ್ಯಾಕ ಹಾಕಲಿಲ್ರಿ ಟೀಚರ್?" ಎಂದಳು.

ಪರೀಕ್ಷೆಗೆ ಇನ್ನು ಐದು ತಿಂಗಳಿತ್ತು. ಮಣಿಪಾಲದಿಂದ ಕಾಪುವಿಗೆ ಎರಡು ಬಸ್ಸು. ಮಣಿಪಾಲದಿಂದ ಉಡುಪಿಗೆ ಇಳಿಯುವ ಬಸ್ಸು ಕಡಿಯಾಳಿಯಲ್ಲಿ ನಿಂತೇ ಹೋಗುತ್ತದೆ. ಅವಳು ಅದರಲ್ಲಿ ಬಂದರೆ ಅಲ್ಲಿ ನಾನು ಹತ್ತುತ್ತೇನೆ, ಉಡುಪಿಯಿಂದ ಕಾಪುವಿಗೆ ಜೊತೆಯಾಗಿ ಹೋಗೋಣ ಎಂದೆ. ಶಿವವ್ವ ಮಗಳ ಮುಖ ನೋಡಿದರು. ಮಗಳು ಒಪ್ಪಿದಳೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಸೋಮವಾರದ ಬಸ್ಸಿನಲ್ಲಿ ಅವಳಿರಲಿಲ್ಲ. ಮಂಗಳವಾರ ಬೆಳಿಗ್ಗೆ ಬಸ್ಸು ನಿಂತಾಗ ಎರಡನೆಯ ಸೀಟಿನಲ್ಲಿ ಚೀಲ ಅಪ್ಪಿಕೊಂಡು ಕೂತಿದ್ದಳು.

ಅವಳು ಕೇಳಿದ ಪ್ರಶ್ನೆಗೆ ಉತ್ತರ ಬಾಕಿ ಇತ್ತು. ಆ ವಾರ ತೊಂಬತ್ತು ನಿಮಿಷದ ಹೊಸ ಕ್ಯಾಸೆಟ್ಟು ಹಾಕಿ, ಒಂದಿಡೀ ಪೀರಿಯಡ್ಡು ನನ್ನ ಪಾಠವನ್ನೇ ರೆಕಾರ್ಡ್ ಮಾಡಿದೆ. ಮನೆಯಲ್ಲಿ ಕೂತು ಕೇಳಿದೆ. ಮಕ್ಕಳು ಮಾತಾಡುವುದಿಲ್ಲ, ಮಾತಾಡುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ದಿನವೂ ದೂರುತ್ತಿದ್ದವಳು ನಾನು. ಟೇಪಿನ ತುಂಬ ನನ್ನದೇ ಧ್ವನಿ. ಮಕ್ಕಳದ್ದು ಅಂತ ಇದ್ದದ್ದು, ಎಲ್ಲರೂ ಒಟ್ಟಿಗೆ ರಾಗವಾಗಿ ಹೇಳುವ "ಹೌದು ಟೀಚರ್" ಮಾತ್ರ. ಅವರು ಮಾತಾಡಬೇಕಾದರೆ ನಾನು ಎಲ್ಲಿ ಜಾಗ ಬಿಟ್ಟಿದ್ದೆ?

ಮರುದಿನ ಅದನ್ನೇ ತರಗತಿಗೆ ಕೇಳಿಸಿದೆ. "ನಿಮ್ಮ ಟೀಚರ ಮಾತಿನಲ್ಲಿ ಏನೇನು ಸರಿಯಿಲ್ಲ, ಹೇಳಿ" ಎಂದೆ. ಮೊದಲು ಯಾರಿಗೂ ಧೈರ್ಯವಿಲ್ಲ. ಆಮೇಲೆ ದಿನೇಶ ಎದ್ದ.

"ಟೀಚರ್, ನೀವು 'ಗೊತ್ತಾಯ್ತಲ್ಲ' ಅಂತ ಹೇಳಿದ್ದು ಇಪ್ಪತ್ತೇಳು ಸಲ ಉಂಟು. ನಾನು ಲೆಕ್ಕ ಮಾಡಿದೆ."

"ನಮಗೆ ಗೊತ್ತಾಗಿರ್ಲಿಲ್ಲ ಟೀಚರ್" ಎಂದಳು ಇನ್ನೊಬ್ಬಳು.

ಜಗಲಿ ಮತ್ತೆ ನಕ್ಕಿತು. ಈ ಸಲ ರೇಣುಕಾಳೂ ನಕ್ಕಳು. ಕಿಟಕಿಯೊಳಗೆ ರಾಯರು ಕೂಡ ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡದ್ದನ್ನು ನಾನು ನೋಡಿದೆ. ಆಮೇಲೆ ನಾನು ಒಂದು ನಿಯಮ ಮಾಡಿದೆ. ಟೇಪಿನಲ್ಲಿ ಯಾರ ಧ್ವನಿಯನ್ನಾದರೂ ಎಲ್ಲರಿಗೆ ಕೇಳಿಸಬೇಕಾದರೆ ಅವರ ಒಪ್ಪಿಗೆ ಬೇಕು. ಒಪ್ಪದಿದ್ದರೆ ಅವರ ಎದುರಿನಲ್ಲೇ ಅಳಿಸುವುದು. ನಿವೃತ್ತಿಯವರೆಗೂ ಅದನ್ನು ಮುರಿಯಲಿಲ್ಲ.

ಅದೇ ವರ್ಷ ಮುಂಬಯಿಯಲ್ಲಿ ಹೋಟೆಲು ನಡೆಸುವ ಹಳೆ ವಿದ್ಯಾರ್ಥಿಗಳು ಶಾಲೆಗೆ ಒಂದು ಟೀವಿ, ಒಂದು ವಿಸಿಆರ್ ಕೊಟ್ಟರು. ಇಲಾಖೆಯಿಂದ ಕೆಲವು ಕ್ಯಾಸೆಟ್ಟುಗಳೂ ಬಂದವು. ಅಷ್ಟರಲ್ಲಿ ವಿಷಯ ಪರಿವೀಕ್ಷಕರು ಭೇಟಿಗೆ ಬರುವ ಸುದ್ದಿ ಬಂತು. ಹೈಸ್ಕೂಲುಗಳಿಗೆ ಹೋಗಿ ಒಂದೊಂದು ವಿಷಯದ ಪಾಠ ನೋಡುವ ಅಧಿಕಾರಿ ಅವರು. ಮೈಸೂರಿನ ಕಡೆಯವರು, ನಗುವುದಿಲ್ಲ ಎಂದು ಪ್ರಸಿದ್ಧರು. ರಾಯರು ಟೀವಿಗೆ ಹೊಸ ಬಟ್ಟೆ ಹೊಲಿಸಿದರು, ಹತ್ತನೇ ತರಗತಿಯ ಕೋಣೆಗೂ ಒಂದು ಪ್ಲಗ್ ಪಾಯಿಂಟ್ ಹಾಕಿಸಿದರು. ಕೈಮಗ್ಗದ ಬಗ್ಗೆ ಒಂದು ಕ್ಯಾಸೆಟ್ಟಿತ್ತು, ಅದನ್ನು ತೋರಿಸಿ ಪಾಠ ಮಾಡುವುದೆಂದು ನಿಶ್ಚಯವಾಯಿತು.

ಪರಿವೀಕ್ಷಕರು ಬಂದರು, ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತರು. ನಾನು ಕ್ಯಾಸೆಟ್ಟು ಹಾಕಿದೆ. ಚಿತ್ರ ಬಂತು. ಶಬ್ದ ಬರಲಿಲ್ಲ. ವಾಲ್ಯೂಮ್ ಹೆಚ್ಚಿಸಿದೆ, ವಯರು ಅಲ್ಲಾಡಿಸಿದೆ, ರಾಯರು ಓಡಿ ಬಂದು ಟೀವಿಯ ತಲೆಗೆ ಎರಡು ಸಲ ಬಡಿದರು. ಇಲ್ಲ. "ಟೀಚರೇ, ಎಂತ ಮಾಡುದು ಈಗ?" ಎಂದು ನನ್ನ ಕಿವಿಯಲ್ಲಿ ಕೇಳಿದರು.

ಏನು ಮಾಡುವುದೆಂದು ನನಗೂ ಗೊತ್ತಿರಲಿಲ್ಲ. ಪರದೆಯ ಮೇಲೆ ಒಬ್ಬ ಹೆಂಗಸು ಏನೋ ವಿವರಿಸುತ್ತಿದ್ದಳು, ತುಟಿ ಅಲ್ಲಾಡುತ್ತಿತ್ತು. ಮಕ್ಕಳು ಮಾತ್ರ ನೋಡುತ್ತಲೇ ಇದ್ದರು. "ಸರಿ, ಇವರು ಏನು ಹೇಳುತ್ತಿದ್ದಾರೆ? ನೀವೇ ಹೇಳಿ" ಎಂದೆ.

ಒಂದು ನಿಮಿಷ ಪೂರ್ತಿ ಮೌನ. ತರಗತಿಯಲ್ಲಿ, ಅದೂ ಅಧಿಕಾರಿಯ ಎದುರು, ಒಂದು ನಿಮಿಷವೆಂದರೆ ಎಷ್ಟು ಉದ್ದ ಎಂದು ನೀವೂ ಒಂದು ದಿನ ತಿಳಿಯುತ್ತೀರಿ. ನನ್ನ ಬಾಯಿಗೆ ಬಂದ ಮಾತನ್ನು ಹಲ್ಲು ಕಚ್ಚಿ ತಡೆದೆ.

ದಿನೇಶ ಕೈ ಎತ್ತಿದ. "ಟೀಚರ್, ಅವರು ಬಲೆ ಮಾಡುದಾ?"

"ಬಲಿ ಅಲ್ಲ, ಸೀರಿ!" ರೇಣುಕಾ ಕೂತಲ್ಲಿಂದಲೇ ಹೇಳಿಬಿಟ್ಟಳು. "ಅದು ಮಗ್ಗ ಐತಿ. ನಮ್ಮ ಮಾವನ ಮನ್ಯಾಗ ಐತ್ರಿ."

"ಆಚೆ ಈಚೆ ಓಡ್ತಾ ಉಂಟಲ್ಲ, ಅದು ಎಂತ?"

"ಲಾಳಿ. ಅದರಾಗ ನೂಲು ಇರ್ತೈತಿ."

"ನಮ್ಮಲ್ಲೂ ಹಾಗೆ ಒಂದು ಉಂಟು, ಬಲೆ ಹೆಣೆಯಲಿಕ್ಕೆ. ಅದು ಕೈಯಲ್ಲಿ ಹಿಡಿಯುದು, ಓಡುದಿಲ್ಲ." ದಿನೇಶ ಎದ್ದು ನಿಂತು ಗಾಳಿಯಲ್ಲೇ ಬಲೆ ಹೆಣೆದು ತೋರಿಸಿದ. ಇನ್ನೊಬ್ಬ ಎದ್ದು ಅದು ಹಾಗಲ್ಲ ಎಂದ. ಒಬ್ಬಳು ಆ ಹೆಂಗಸಿನ ಮಾತನ್ನು ತಾನೇ ಹೇಳತೊಡಗಿದಳು: "ನಾನು ಬೆಳಿಗ್ಗೆ ಎದ್ದು ಮಗ್ಗದಲ್ಲಿ ಕೂತ್ಕೊಳ್ತೇನೆ, ನನಗೆ ಬೆನ್ನು ನೋವುಂಟು." ಉಂಟು, ಐತಿ, ಇದೆ, ಮೂರೂ ಆ ಕೋಣೆಯಲ್ಲಿ ಓಡಾಡಿದವು. ಯಾರೂ ಯಾರನ್ನೂ ನೋಡಿ ನಗಲಿಲ್ಲ. ಗೊತ್ತಿದ್ದ ವಿಷಯ ಹೇಳುವವಳು ಒಬ್ಬಳಿದ್ದಳು, ಉಳಿದವರಿಗೆ ಅದು ತಿಳಿಯಬೇಕಾಗಿತ್ತು. ಗಂಟೆ ಹೊಡೆದಾಗಲೂ ಅವರು ನಿಲ್ಲಿಸಿರಲಿಲ್ಲ.

ಪರಿವೀಕ್ಷಕರು ಹೊರಗೆ ಬಂದು ಕೇಳಿದರು: "ಮೇಡಂ, ಇದು ನೀವು ಯೋಚನೆ ಮಾಡಿ ಮಾಡಿದ್ದೋ, ತಾನಾಗಿ ಆದದ್ದೋ?"

"ತಾನಾಗಿ ಆದದ್ದು ಸರ್. ಟೀವಿ ಹಾಳಾಗಿದೆ."

ಅವರು ನಗಲಿಲ್ಲ. ವರದಿಯಲ್ಲಿ ಒಂದೇ ಸಾಲು ಬರೆದರು: ಉಪಕರಣವನ್ನು ಕೂಡಲೇ ದುರಸ್ತಿ ಮಾಡಿಸತಕ್ಕದ್ದು. ರಾಯರು ಮಾಡಿಸಿದರು. ದುರಸ್ತಿಯಾಗಿ ಬಂದ ಟೀವಿಯ ಶಬ್ದವನ್ನು ನಾನು ಪೂರ್ತಿ ಇಳಿಸಿ ಪಾಠ ಮಾಡುವುದನ್ನು ಕಂಡು, "ಹಾಗಾದರೆ ಸರಿ ಮಾಡಿಸಿದ್ದು ಎಂತಕ್ಕೆ ಮಾರಾಯ್ರೆ?" ಎಂದು ಹಣೆ ಚಚ್ಚಿಕೊಂಡರು. ಮೊದಲು ಶಬ್ದವಿಲ್ಲದೆ ಒಂದು ಸಲ, ಮಕ್ಕಳ ಮಾತು ಮುಗಿದ ಮೇಲೆ ಶಬ್ದದೊಂದಿಗೆ ಇನ್ನೊಂದು ಸಲ. ತಾವು ಊಹಿಸಿದ್ದು ಸರಿಯೋ ಎಂದು ತಿಳಿಯಲು ಎರಡನೆಯ ಸಲ ಅವರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಅಂಥ ಕೇಳುವಿಕೆಯನ್ನು ನಾನು ಅದುವರೆಗೆ ನೋಡಿರಲಿಲ್ಲ.

ಎರಡು ತಿಂಗಳಲ್ಲಿ ಉಡುಪಿಯ ಕಚೇರಿಯಿಂದ ಪತ್ರ ಬಂತು. ಕನ್ನಡ ಶಿಕ್ಷಕರ ತರಬೇತಿಯಲ್ಲಿ ನಾನು ಮಾದರಿ ಪಾಠ ಕೊಡಬೇಕು. ಹೆಸರು ಸೂಚಿಸಿದವರು ಅದೇ ಪರಿವೀಕ್ಷಕರು. ಅಲ್ಲಿ ಒಬ್ಬ ಹಿರಿಯ ಮೇಷ್ಟ್ರು ಎದ್ದು, "ಇದೆಲ್ಲ ಚಂದ. ಪೋರ್ಶನ್ ಮುಗಿಸುದು ಯಾವಾಗ?" ಎಂದು ಕೇಳಿದರು. ನಾನು ನಿಜ ಹೇಳಿದೆ. ಆ ವರ್ಷ ನನ್ನ ಎರಡು ಪದ್ಯ ಉಳಿದಿದ್ದವು, ಶನಿವಾರ ಮಧ್ಯಾಹ್ನ ಮಕ್ಕಳನ್ನು ಕೂರಿಸಿ ಮುಗಿಸಿದೆ. ನಿಮಗೂ ಅದೇ ಹೇಳುತ್ತೇನೆ, ಇದರಲ್ಲಿ ಸಮಯ ಹೋಗುತ್ತದೆ, ಹೋಗುವುದಿಲ್ಲ ಎನ್ನುವವರನ್ನು ನಂಬಬೇಡಿ.

ರೇಣುಕಾ ಹತ್ತನೇ ತರಗತಿ ಪಾಸಾದಳು. ಐದು ತಿಂಗಳು ಬಸ್ಸಿನಲ್ಲಿ ಅವಳು ನನಗೆ ಬಿತ್ತನೆಯ ಹಾಡುಗಳ ಅರ್ಥ ಹೇಳಿದ್ದಾಳೆ, ನಾನು ಅವಳಿಗೆ ವ್ಯಾಕರಣ ಹೇಳಿದ್ದೇನೆ. ಯಾರು ಹೆಚ್ಚು ಕಲಿತರೆಂದು ಕೇಳಿದರೆ ಹೇಳಲಾರೆ. ಆ ಬೇಸಿಗೆಯಲ್ಲೇ ಅವರ ಕುಟುಂಬ ಗೋವಾ ಕಡೆಗೆ ಕೆಲಸಕ್ಕೆ ಹೋಯಿತು. ಆಮೇಲೆ ಸುದ್ದಿ ಇಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲೆ ನನಗೆ ಕಾರ್ಕಳದ ದಾರಿಯಲ್ಲಿರುವ ಹಿರಿಯಡ್ಕದ ಶಾಲೆಗೆ ವರ್ಗವಾಯಿತು. ಅಲ್ಲಿ ಕಂಪ್ಯೂಟರ್ ಕೋಣೆ ಬಂತು, ಪಾಠಗಳ ಸಿ.ಡಿ. ಬಂತು. ನಾವೆಲ್ಲ ಬಹಳ ಆಸೆಯಿಂದ ಹಾಕಿ ನೋಡಿದೆವು. ಬಣ್ಣ ಬಣ್ಣದ ಚಿತ್ರಗಳ ನಡುವೆ ಒಬ್ಬರು ಪಠ್ಯಪುಸ್ತಕವನ್ನೇ ಸ್ಪಷ್ಟವಾಗಿ ಓದುತ್ತಿದ್ದರು. ಕಿಟಕಿ ಮುಚ್ಚಿದ ಕತ್ತಲೆಯಲ್ಲಿ ಹಿಂದಿನ ಬೆಂಚು ನಿದ್ದೆ ಹೋಯಿತು. ಉಪಕರಣ ಹೊಸದಾಗಿತ್ತು, ಅದರೊಳಗೆ ಕೂತಿದ್ದವಳು ಹಳೆಯ ನಾನೇ, 'ಗೊತ್ತಾಯ್ತಲ್ಲ' ಎನ್ನುತ್ತ. ಒಂದು ವರ್ಷ ಅದನ್ನೇ ಹಾಕಿದೆ, ಅಧಿಕಾರಿಗಳಿಗೆ ಅದೇ ಬೇಕಾಗಿತ್ತು. ಆ ವರ್ಷದ ಮಕ್ಕಳ ಮುಂದೆ ನಾನು ತಪ್ಪಿತಸ್ಥೆ.

ಮರುವರ್ಷ ಬೇರೆ ದಾರಿ ಹುಡುಕಿದೆ. ಹಿರಿಯಡ್ಕದಲ್ಲಿ ಮದುವೆಗಳ ವೀಡಿಯೋ ತೆಗೆಯುವ ಸದಾನಂದ ಎಂಬವರಿದ್ದರು. ಆಟಿ ಎಂದರೆ ಆಷಾಢದ ಹೊತ್ತಿನ ಜೋರು ಮಳೆಯ ತಿಂಗಳು, ಆಗ ನಮ್ಮಲ್ಲಿ ಮದುವೆಗಳಿಲ್ಲ, ಅವರಿಗೆ ಬಿಡುವು. "ಒಂದು ಮಧ್ಯಾಹ್ನ ಕ್ಯಾಮರಾ ತನ್ನಿ" ಎಂದು ಬೇಡಿಕೊಂಡೆ. ಒಂಬತ್ತನೇ ತರಗತಿಯ ಮಕ್ಕಳು ಪೇಟೆಗೆ ಹೋಗಿ ಜನರನ್ನು ಅವರ ಕೆಲಸದ ಬಗ್ಗೆ ಕನ್ನಡದಲ್ಲಿ ಕೇಳಬೇಕು, ಉತ್ತರ ಯಾವ ಭಾಷೆಯಲ್ಲಿ ಬಂದರೂ ಅದನ್ನು ಕನ್ನಡದಲ್ಲಿ ಹೇಳಬೇಕು. ಇಷ್ಟೇ ಕೆಲಸ.

ಜಯಂತಿ ಎಂಬ ಹುಡುಗಿಗೆ ಮಾತಿನ ಕೆಲಸ ಕೊಟ್ಟಿರಲಿಲ್ಲ. ಎಂಟನೇ ತರಗತಿಯಿಂದ ಅಲ್ಲಿಯವರೆಗೆ ಅವಳ ಬಾಯಿಂದ ನಾನು ಕೇಳಿದ ಕನ್ನಡವೆಂದರೆ ಹಾಜರಿಯ ಹೊತ್ತಿನ "ಎಸ್ ಟೀಚರ್" ಮಾತ್ರ, ಅದೂ ಕನ್ನಡವಲ್ಲ. ಮೈಕಿನ ವಯರು ಹಿಡಿಯಲು ಅವಳನ್ನು ನಿಲ್ಲಿಸಿದ್ದೆ. ತರಕಾರಿ ಬೀಜ ಮಾರುವ ಮುದುಕರ ಎದುರು ಬಂದಾಗ, ಪ್ರಶ್ನೆ ಕೇಳಬೇಕಾಗಿದ್ದ ಹುಡುಗ ಕ್ಯಾಮರಾದ ಕೆಂಪು ದೀಪ ನೋಡಿ ಓಡಿಯೇ ಹೋದ. ಮುದುಕರು ಕಾಯುತ್ತಿದ್ದರು. ಸದಾನಂದರು ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯಲಿಲ್ಲ. ಅಷ್ಟು ವರ್ಷಗಳಲ್ಲಿ ಅದೊಂದನ್ನು ಕಲಿತಿದ್ದೆ.

"ಅಜ್ಜ, ಈ ಸೌತೆ ಬೀಜ ಯಾವಾಗ ಹಾಕುವುದು?" ಜಯಂತಿ ಕೇಳಿದಳು.

ಅಜ್ಜ ತುಳುವಿನಲ್ಲಿ ಉತ್ತರ ಕೊಟ್ಟರು. ಅವಳು ಕ್ಯಾಮರಾದ ಕಡೆ ತಿರುಗಿ ಅದನ್ನು ಕನ್ನಡದಲ್ಲಿ ಹೇಳಿದಳು. ಒಂದು ಶಬ್ದ ಸಿಗದೆ ನಿಂತಳು, ಕಣ್ಣು ಮುಚ್ಚಿ ಹುಡುಕಿದಳು, ಸಿಕ್ಕಿತು. ಮತ್ತೆ ಕೇಳಿದಳು. ಬೀಜವನ್ನು ಬೂದಿಯಲ್ಲಿ ಯಾಕೆ ಇಡುವುದು, ಹುಳ ಬಂದರೆ ಎಂತ ಮಾಡುವುದು, ಅಜ್ಜನಿಗೆ ಇದನ್ನು ಹೇಳಿಕೊಟ್ಟವರು ಯಾರು. ನಾಲ್ಕು ನಿಮಿಷ.

ಅವಳ ಒಪ್ಪಿಗೆ ಕೇಳಿದೆ. "ಹಾಕಿ ಟೀಚರ್" ಎಂದಳು.

ಪಾಲಕರ ಸಭೆಯ ದಿನ ಸದಾನಂದರನ್ನು ಕರೆಸಿ ದೊಡ್ಡ ಟೀವಿಯಲ್ಲಿ ಹಾಕಿದೆವು. ಜಯಂತಿಯ ಅಮ್ಮ ಬೀಡಿ ಕಟ್ಟುವವರು. ಅಂದಿನ ಬೀಡಿಯನ್ನು ಕಂಪೆನಿಯ ಬ್ರಾಂಚಿಗೆ ಕೊಟ್ಟು ಓಡಿ ಬಂದಿದ್ದರು, ಬಾಗಿಲ ಹತ್ತಿರ ನಿಂತೇ ನೋಡಿದರು. ಪರದೆಯ ಮೇಲೆ ಮಗಳು ಮಾತಾಡತೊಡಗಿದಾಗ ಕೈಯಲ್ಲಿದ್ದ ಚೀಲವನ್ನು ಮೆಲ್ಲ ಕೆಳಗಿಟ್ಟರು. ನಾಲ್ಕು ನಿಮಿಷ ಮುಗಿಯಿತು. ಮುಖ್ಯ ಅತಿಥಿಗಳು ಭಾಷಣಕ್ಕೆಂದು ಎದ್ದು ಮೈಕಿನ ಹತ್ತಿರ ಬಂದಿದ್ದರು.

"ಟೀಚರ್," ಬಾಗಿಲಿನಿಂದ ಆ ತಾಯಿ ಕರೆದರು, ಕನ್ನಡದಲ್ಲೇ, ಒಂದೊಂದೇ ಶಬ್ದ ಆರಿಸುತ್ತ, "ಅದು ಇನ್ನೊಂದು ಸಲ ಹಾಕ್ಲಿಕ್ಕೆ ಆಗ್ತದಾ?"

ಅಲ್ಲಿಯ ಹೆಡ್ಮಾಸ್ಟರು ಗಡಿಯಾರ ನೋಡಿದರು. ನಾನು ಸದಾನಂದರಿಗೆ ಸನ್ನೆ ಮಾಡಿದೆ. ಅತಿಥಿಗಳು ಮತ್ತೆ ಕೂತರು. ಎರಡನೆಯ ಸಲ ಹಾಕಿದೆವು, ಆ ತಾಯಿ ಕೇಳದಿದ್ದರೂ ಮೂರನೆಯ ಸಲವೂ ಹಾಕಿದೆವು. ಆ ಮೂರನೆಯ ಸಲ ಟೀವಿಯನ್ನು ಯಾರೂ ನೋಡುತ್ತಿರಲಿಲ್ಲ. ಸಭೆಯಲ್ಲಿದ್ದವರೆಲ್ಲ ತಿರುಗಿ, ನಾಲ್ಕನೆಯ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ಜಯಂತಿಯನ್ನು ನೋಡುತ್ತಿದ್ದರು.